ಎಚ್-ಇಂಡೆಕ್ಸ್ ಬರೆಯುವ ಮುಂಚೆ ಹೆಸರು ಸರಿಮಾಡಿಕೊಳ್ಳಿ

ಬಡ್ತಿ ಸಂದರ್ಶನ ಹತ್ತಿರ ಬಂತೆಂದರೆ ಮೆಡಿಕಲ್ ಕಾಲೇಜುಗಳಲ್ಲಿ ಎಲ್ಲರದೂ ಒಂದೇ ಕೆಲಸ. ಗೂಗಲ್ ಸ್ಕಾಲರ್ ತೆರೆಯುವುದು, ಎಚ್-ಇಂಡೆಕ್ಸ್ ಇರುವ ಮೂಲೆಯ ಸ್ಕ್ರೀನ್‌ಶಾಟ್ ತೆಗೆದು ಫೈಲಿಗೆ ಸೇರಿಸುವುದು. ನಿಮ್ಮ ಪ್ರಬಂಧಗಳನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಹೆಸರಿಸಿವೆ (ಇದಕ್ಕೇ ಸೈಟೇಶನ್ ಅನ್ನುವುದು) ಅನ್ನುವುದರಿಂದ ಲೆಕ್ಕ ಹಾಕುವ ಸಂಖ್ಯೆ ಅದು. ಆ ಸಂಖ್ಯೆಯಲ್ಲಿ ಯಾರ್ಯಾರ ಪ್ರಬಂಧ ಸೇರಿಕೊಂಡಿದೆ ಅಂತ ನೋಡುವವರೇ ಕಡಿಮೆ. ಮೂಳೆ ಡಾಕ್ಟರ ಪಟ್ಟಿಯಲ್ಲಿ ರೇಷ್ಮೆ ಹುಳದ ರೋಗದ ಪ್ರಬಂಧ ಕೂತಿರುತ್ತದೆ. ಸಮಿತಿಯವರ ಕಣ್ಣಿಗೆ ಅದು ಬಿದ್ದರೆ ಮುಗೀತು, ಉಳಿದ ಪಟ್ಟಿಯನ್ನೂ ಯಾರೂ ನಂಬುವುದಿಲ್ಲ.

1. ಆರ್ಕಿಡ್ (ORCID) ಐಡಿ ಮಾಡಿಕೊಳ್ಳಿ. ಒಂದೇ ಹೆಸರಿನ ಸಂಶೋಧಕರನ್ನು ಬೇರೆ ಬೇರೆಯಾಗಿ ಗುರುತಿಸುವ ಸಂಖ್ಯೆ ಇದು. 16 ಅಂಕಿ, ಉಚಿತ, ನಿಮಿಷಗಳ ಕೆಲಸ.

2. ನಿಮ್ಮ ಹೆಸರುಗಳನ್ನು ಹುಡುಕಿ. ಹೌದು, ಹೆಸರುಗಳನ್ನು. ಎಡವಟ್ಟೆಲ್ಲ ಆಗುವುದು ಇಲ್ಲೇ. ನಮ್ಮಲ್ಲಿ ಊರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಜರ್ನಲ್‌ಗಳಿಗೆ ಸರ್‌ನೇಮ್ ಬೇಕು. ಎಚ್.ಎಸ್. ರಮೇಶ್ ಎಂಬ ಡಾಕ್ಟರು ಒಂದು ಕಡೆ ‘ರಮೇಶ್ ಎಚ್‌ಎಸ್’ ಆಗಿರುತ್ತಾರೆ, ಇನ್ನೊಂದು ಕಡೆ ಬರೀ ‘ರಮೇಶ್ ಎಚ್’. ಯಾರೋ ಫಾರಂನಲ್ಲಿ ಇನಿಷಿಯಲ್ ಬಿಡಿಸಿ ‘ರಮೇಶ್ ಎಚ್. ಶಿವಣ್ಣ’ ಅಂತ ಬರೆದಿದ್ದರೆ ‘ಶಿವಣ್ಣ ಆರ್‌ಎಚ್’, ಅಂದರೆ ಅಪ್ಪನೇ ಲೇಖಕ! ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡವರ ಪಾಡು ಇನ್ನೂ ಕಷ್ಟ. ‘ರಾವ್ ಎಸ್’, ‘ಶೆಟ್ಟಿ ಎಸ್’ ಅಂತ ಹುಡುಕಿದರಂತೂ ಕರಾವಳಿಯ ಅರ್ಧ ಡಾಕ್ಟರುಗಳು ಸಿಗುತ್ತಾರೆ.

ಮೊದಲು ನಿಮ್ಮ ಹೆಸರು ಅಚ್ಚಾಗಿರಬಹುದಾದ ಎಲ್ಲ ರೂಪಗಳನ್ನೂ ಬರೆದಿಟ್ಟುಕೊಳ್ಳಿ. ವೈದ್ಯಕೀಯ ಪ್ರಬಂಧಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ಒಂದೊಂದನ್ನೂ ಕಾಲೇಜಿನ ಹೆಸರಿನ ಜೊತೆ ಹುಡುಕಿ. ಆದರೆ 2014ಕ್ಕೆ ಮುಂಚಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುತ್ತದೆ. ಮೊದಲ ಲೇಖಕರು ಬೇರೆ ಕಾಲೇಜಿನವರಾಗಿದ್ದರೆ ನಿಮ್ಮ ಕಾಲೇಜು ಕೊಟ್ಟು ಹುಡುಕಿದಾಗ ಆ ಪ್ರಬಂಧ ಸಿಗುವುದಿಲ್ಲ. ಆಗ ಸಹಲೇಖಕರ ಹೆಸರು ಹಾಕಿ ಹುಡುಕಿ. ಸಿಕ್ಕಿದ್ದನ್ನೆಲ್ಲ ಡಿಒಐ (ಪ್ರತಿ ಪ್ರಬಂಧದ ಕಾಯಂ ಗುರುತಿನ ಸಂಖ್ಯೆ) ಸಮೇತ ಎಕ್ಸೆಲ್‌ಗೆ ಹಾಕಿ. ಇನ್ನು ಮೇಲೆ ಇದೇ ನಿಮ್ಮ ಅಸಲಿ ಪಟ್ಟಿ.

ಈಗ ಗೂಗಲ್ ಸ್ಕಾಲರ್‌ಗೆ ಹೋಗಿ. ಪ್ರಬಂಧಗಳನ್ನು ತಾನಾಗಿಯೇ ಸೇರಿಸಿಕೊಳ್ಳುವ ಆಯ್ಕೆ ಬೇಡ, ಇಮೇಲ್‌ನಲ್ಲಿ ಕೇಳಿ ಸೇರಿಸುವುದನ್ನು ಆರಿಸಿ. ಬೇರೆಯವರ ಪ್ರಬಂಧ ಅಳಿಸಿ. ಒಂದೇ ಪ್ರಬಂಧ ಎರಡು ಸಲ ಇದ್ದರೆ ಎರಡನ್ನೂ ಟಿಕ್ ಮಾಡಿ ಮರ್ಜ್ ಒತ್ತಿ. ಇಲ್ಲದಿದ್ದರೆ ಅದರ ಸೈಟೇಶನ್‌ಗಳು ಎರಡು ಕಡೆ ಹಂಚಿಹೋಗುತ್ತವೆ. ಸ್ಕೋಪಸ್ ಅನ್ನುವ ಇನ್ನೊಂದು ಸೈಟೇಶನ್ ಡೇಟಾಬೇಸ್‌ನಲ್ಲಿ ನಿಮಗೆ ಎರಡು ಮೂರು ಐಡಿ ಇರಬಹುದು. ಒಂದು ಮಾಡಿ ಅಂತ ಮನವಿ ಕಳಿಸಿ. ಅದಕ್ಕೆ ಟೈಮ್ ಹಿಡಿಯುತ್ತದೆ, ಸಂದರ್ಶನದ ಹಿಂದಿನ ದಿನ ಕೂರಬೇಡಿ.

ದುಡ್ಡು ಕೊಟ್ಟರೆ ಪ್ರೊಫೈಲ್ ಸರಿಮಾಡಿ ಕೊಡುತ್ತೇವೆ ಅನ್ನುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಮೇಲಿನ ಎಲ್ಲವೂ ಪುಕ್ಕಟೆ. ಹಾಗೆಯೇ ‘ಗ್ಲೋಬಲ್’, ‘ಯುನಿವರ್ಸಲ್’ ಅಂತ ಬಾಲ ಕಟ್ಟಿಕೊಂಡ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು (ಜರ್ನಲ್‌ನ ಪ್ರಬಂಧಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಅನ್ನುವ ಅಂಕ) ಫೈಲಿನಿಂದ ಕಿತ್ತುಹಾಕಿ. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಪ್ರತಿವರ್ಷ ಬರುವುದು ಕ್ಲಾರಿವೇಟ್ ಸಂಸ್ಥೆಯ ವರದಿಯಲ್ಲಿ. ಅದೂ ಜರ್ನಲ್‌ನ ಅಂಕ, ನಿಮ್ಮದಲ್ಲ.

3. ಎಚ್-ಇಂಡೆಕ್ಸನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ. 2005ರಲ್ಲಿ ಇದನ್ನು ಸೂಚಿಸಿದವರು ಭೌತವಿಜ್ಞಾನಿ ಹಾರ್ಹೆ ಹಿರ್ಷ್. ಪ್ರಬಂಧಗಳನ್ನು ಹೆಚ್ಚು ಸೈಟೇಶನ್‌ನಿಂದ ಕಡಿಮೆಗೆ ಜೋಡಿಸಿ, ಎಷ್ಟನೆಯದೋ ಅಷ್ಟಾದರೂ ಸೈಟೇಶನ್ ಇರುವವರೆಗೆ ಎಣಿಸಿ. ನಿಮ್ಮ ಐದು ಪ್ರಬಂಧಗಳಿಗೆ 40, 12, 6, 3, 1 ಸೈಟೇಶನ್ ಇದೆ ಅನ್ನಿ. ಮೂರನೆಯದಕ್ಕೆ ಕನಿಷ್ಠ ಮೂರು ಬೇಕು, ಆರು ಇದೆ. ನಾಲ್ಕನೆಯದಕ್ಕೆ ನಾಲ್ಕು ಬೇಕು, ಮೂರೇ ಇದೆ. ಹಾಗಾಗಿ ಎಚ್-ಇಂಡೆಕ್ಸ್ 3. ಮೊದಲ ಪ್ರಬಂಧದ 40 ನಾಳೆ 400 ಆದರೂ ಅಷ್ಟೇ.

4. ಸೈಟೇಶನ್ ಯಾಕೆ ಬಂತು ಅಂತಲೂ ನೋಡಿ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ ವೇಕ್‌ಫೀಲ್ಡ್ ಪ್ರಬಂಧ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, 2010ರಲ್ಲಿ ಜರ್ನಲ್ ಅದನ್ನು ವಾಪಸ್ ಪಡೆಯಿತು. ಅದಕ್ಕೂ ಸಾವಿರಾರು ಸೈಟೇಶನ್ ಇದೆ, ಬಹಳಷ್ಟು ಅದನ್ನು ತಪ್ಪೆಂದು ಹೇಳಲಿಕ್ಕೇ. ಇನ್ನೊಂದು ಕಡೆ, ಪ್ರೋಟೀನ್ ಅಳೆಯುವ ವಿಧಾನ ಹೇಳಿದ ಲೌರಿಯವರ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಜಾಸ್ತಿ. ಲ್ಯಾಬ್‌ಗಳಲ್ಲಿ ಆ ವಿಧಾನ ಬಳಸಿದವರೆಲ್ಲ ಅದನ್ನು ಹೆಸರಿಸಬೇಕಲ್ವಾ? ಆದ್ದರಿಂದ ಪ್ರತಿ ಪ್ರಬಂಧದ ಪಕ್ಕದಲ್ಲಿ ಅದು ಮೂಲ ಸಂಶೋಧನೆಯೋ, ರಿವ್ಯೂವೋ, ಕೇಸ್ ರಿಪೋರ್ಟೋ, ನೀವು ಎಷ್ಟನೇ ಲೇಖಕರು ಅಂತ ಬರೆಯಿರಿ.

5. ಸಂಖ್ಯೆಯ ಪಕ್ಕ ಡೇಟಾಬೇಸ್ ಮತ್ತು ತಾರೀಖು ಹಾಕಿ. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುಂಚಿನ ಕರಡು) ಎಲ್ಲ ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ, ಸ್ಕೋಪಸ್‌ನಲ್ಲಿ ಕಡಿಮೆ. ಫಾರಂನಲ್ಲಿ ಒಂದಕ್ಕೇ ಜಾಗವಿದ್ದರೆ ಸ್ಕೋಪಸ್‌ನದ್ದೇ ಬರೆಯಿರಿ, ಅದೂ ನಿಮ್ಮ ಪ್ರಬಂಧವನ್ನು ನೀವೇ ಹೆಸರಿಸಿದ ಸ್ವಂತ ಸೈಟೇಶನ್ ತೆಗೆದು. ಗೂಗಲ್‌ನದ್ದು ಕೇಳಿದರೆ ಬಾಯಲ್ಲಿ ಹೇಳಿದರಾಯಿತು.