ಮೂರು ಹೊತ್ತಿನ ಪ್ರಾರ್ಥನೆ ಮತ್ತು ನೈಟ್ ಶಿಫ್ಟ್: ನನ್ನ ಅನುಭವ

ಯೆಹೂದಿ ಧರ್ಮ ಪಾಲಿಸುವುದು ಅಂದ್ರೆ ಶನಿವಾರ ಕೆಲಸ ಬಿಟ್ಟು ಕೂರುವುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಶಬ್ಬಾತ್ ಸುಲಭ ಸ್ವಾಮಿ. ಇಸ್ರೇಲಿನಲ್ಲಿ ಶುಕ್ರವಾರ ಸಂಜೆ ಆಗುವಷ್ಟರಲ್ಲಿ ನಮ್ಮ ಕಡೆ ಬಸ್ಸೂ ಇಲ್ಲ, ಅಂಗಡಿಯೂ ಇಲ್ಲ, ನಾವು ಬೇಡ ಅಂದರೂ ಊರು ನಮ್ಮನ್ನು ಕೂರಿಸುತ್ತದೆ. ಕಷ್ಟ ಇರುವುದು ಉಳಿದ ಆರು ದಿನ, ಕೆಲಸದ ನಡುವೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಪ್ರಾರ್ಥನೆ ಮಾಡುವುದು.

ನಾವು ಬೆನೆ ಇಸ್ರೇಲಿಗಳು, ಅಂದ್ರೆ ಕೊಂಕಣ ಮೂಲದ ಯೆಹೂದಿಗಳು. ಅಪ್ಪ ರೈಲ್ವೆಯಲ್ಲಿದ್ದರು, ಹಾಗಾಗಿ ನಾನು ಬೆಳೆದಿದ್ದು ಹುಬ್ಬಳ್ಳಿಯಲ್ಲಿ. ಈಗ ಇಸ್ರೇಲಿನ ಅಶ್ದೋದ್‌ನಲ್ಲಿ ಗೋಡೌನ್ ಕೆಲಸ, ಶಿಫ್ಟ್ ವಾರಕ್ಕೊಮ್ಮೆ ಬದಲಾಗುತ್ತದೆ. ಕೊಂಕಣದಲ್ಲಿ ನಮ್ಮ ಹಿಂದಿನವರು ಎಣ್ಣೆ ಗಾಣದವರು. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲ ಅಂತ ಜನ ಅವರನ್ನು 'ಶನಿವಾರ ತೇಲಿ' ಅನ್ನುತ್ತಿದ್ದರು. ಹೀಬ್ರೂ ಮರೆತು ಹೋದ ಕಾಲದಲ್ಲೂ ಅವರ ಬಾಯಲ್ಲಿ ಉಳಿದಿದ್ದು ಶೆಮಾ, ದೇವರು ಒಬ್ಬನೇ ಅನ್ನುವ ಪ್ರಾರ್ಥನೆ. ಸುನ್ನತಿ, ಮದುವೆ, ಸಾವು, ಎಲ್ಲದಕ್ಕೂ ಅದನ್ನೇ ಹೇಳುತ್ತಿದ್ದರು. ಅವರಿಗೆ ಅಷ್ಟು ಸಾಕಾಗಿತ್ತು ಅಂದ್ರೆ ನನಗೂ ಶುರುಮಾಡಲು ಅಷ್ಟು ಸಾಕು ಅಂತ ಬೆಳಗಿನ ಶೆಮಾ ಒಂದನ್ನು ಮೊದಲು ಗಟ್ಟಿ ಮಾಡಿಕೊಂಡೆ.

ಅದಕ್ಕೂ ಹೊತ್ತು ಅಂತ ಒಂದಿದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹನ್ನೆರಡು ಭಾಗ ಮಾಡಿದರೆ ಮೂರನೇ ಭಾಗ ಮುಗಿಯುವುದರೊಳಗೆ ಹೇಳಬೇಕು, ಇಲ್ಲಿ ಅದು ಹೆಚ್ಚು ಕಡಿಮೆ 9 ಗಂಟೆ. ನೈಟ್ ಶಿಫ್ಟ್ ಮುಗಿಸಿ ಏಳೂವರೆಗೆ ಬಂದವನು ಒಮ್ಮೆ ದಿಂಬಿಗೆ ತಲೆ ಕೊಟ್ಟರೆ ಮುಗಿಯಿತು, ಮಧ್ಯಾಹ್ನವೇ. ಅದಕ್ಕೆ ತೆಫಿಲಿನ್ (ಧರ್ಮಗ್ರಂಥದ ಸಾಲುಗಳನ್ನು ಒಳಗಿಟ್ಟ, ಪ್ರಾರ್ಥನೆಗೆ ತೋಳಿಗೂ ತಲೆಗೂ ಕಟ್ಟಿಕೊಳ್ಳುವ ಚರ್ಮದ ಡಬ್ಬಿಗಳು) ಚೀಲವನ್ನು ಊಟದ ಟೇಬಲ್ ಮೇಲೇ ಇಟ್ಟಿದ್ದೇನೆ. ಬೂಟು ಬಿಚ್ಚಿದ ಕೂಡಲೇ ಕೈ ತೊಳೆದು ಎಡತೋಳಿಗೆ ಡಬ್ಬಿ ಕಟ್ಟಿ, ಮೊಣಕೈಯಿಂದ ಕೆಳಗೆ ಏಳು ಸುತ್ತು ಪಟ್ಟಿ ಸುತ್ತಿ, ಆಮೇಲೆ ತಲೆಯದ್ದು, ಕೊನೆಗೆ ನಡುಬೆರಳಿಗೆ ಮೂರು ಸುತ್ತು. ತೋಳಿಗೂ ತಲೆಗೂ ನಡುವೆ ಮಾತಾಡುವ ಹಾಗಿಲ್ಲ, ಹೆಂಡತಿ ಕಾಫಿ ಬೇಕಾ ಅಂತ ಸರಿಯಾಗಿ ಆಗಲೇ ಕೇಳುತ್ತಾಳೆ. ಪ್ರಾರ್ಥನೆ ಮುಗಿಸಿ ಮಲಗಿದಾಗಲೂ ತೋಳಿನ ಮೇಲೆ ಪಟ್ಟಿಯ ಗೆರೆಗಳು ಇರುತ್ತವೆ.

ಮನಸ್ಸು ನಿಲ್ಲುತ್ತದಾ ಅಂತ ಕೇಳಬೇಡಿ. ಬಹಳ ದಿನ ನಿಲ್ಲುವುದಿಲ್ಲ. ಮನಸ್ಸು ಬಂದಾಗ ಮಾಡೋಣ ಅಂತ ಕಾದವರು ಯಾರೂ ಮುಂದುವರಿಸಿದ್ದನ್ನು ನಾನು ಕಂಡಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮಿನ್ಹಾ, ಅಂದ್ರೆ ಮಧ್ಯಾಹ್ನದ ಪ್ರಾರ್ಥನೆ. ಅದು ಚಿಕ್ಕದೇ, ಆದರೆ ಕೆಲಸದ ನಟ್ಟನಡುವೆ ಬರುತ್ತದೆ, ಡಿಸೆಂಬರ್‌ನಲ್ಲಂತೂ ಸಂಜೆ 5ಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಸಂಜೆ ಮಾಡೋಣ ಅಂತ ಬಿಟ್ಟರೆ ಲಾರಿ ಬಂದಿರುತ್ತದೆ, ಇಳಿಸುವಷ್ಟರಲ್ಲಿ ಕತ್ತಲೆ. ಚಳಿಗಾಲದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆಲ್ಲಾ ಹೇಳಬಹುದು, ನಿಯಮದಲ್ಲೇ ಜಾಗ ಇದೆ. ಹಾಗಾಗಿ ಊಟದ ಡಬ್ಬಿ ಬಿಚ್ಚುವ ಮೊದಲು ಅದು ಮುಗಿಯಬೇಕು ಅಂತ ಇಟ್ಟುಕೊಂಡೆ. ಹತ್ತು ಗಂಡಸರು ಸೇರಿದರೆ ಮಿನ್ಯಾನ್, ಅಂದ್ರೆ ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಗುಂಪು. ನಮ್ಮಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಮೊರಾಕೊ ಮೂಲದ ಒಬ್ಬ ಇದ್ದಾನೆ, ಒಂಬತ್ತು ಜನ ಆದರೆ ಹತ್ತನೆಯವನನ್ನು ಎಲ್ಲಿದ್ದರೂ ಎಳೆದುಕೊಂಡು ಬರುತ್ತಾನೆ. ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ನನಗೆ ಅಲಾರಂಗಿಂತ ಇವನೇ ಜಾಸ್ತಿ ಉಪಯೋಗ.

ಬೇಕಂತ ಅಲ್ಲದೆ ಮಿನ್ಹಾ ತಪ್ಪಿದರೆ ರಾತ್ರಿಯ ಪ್ರಾರ್ಥನೆಯಲ್ಲಿ ಅಮಿದಾವನ್ನು (ನಿಂತು ಹೇಳುವ ಮುಖ್ಯ ಭಾಗ) ಎರಡು ಸಲ ಹೇಳಿ ಸರಿತೂಗಿಸಬಹುದು. ಅದೂ ತಪ್ಪಿತಾ, ಹಳೇ ಬಾಕಿ ಮುಂದಕ್ಕೆ ಬರುವುದಿಲ್ಲ, ನಾಳೆಯಿಂದ ನಾಳೆಯದ್ದು. ಇದು ನನಗೆ ಬಹಳ ಹಿಡಿಸಿತು. ಓಮೆರ್ ಎಣಿಕೆ ಮಾತ್ರ ಇಷ್ಟು ಸಡಿಲ ಅಲ್ಲ. ಪೆಸಾಖ್‌ ಹಬ್ಬದಿಂದ 49 ರಾತ್ರಿ, ಇದು ಎಷ್ಟನೇ ದಿನ ಅಂತ ಎಣಿಸಬೇಕು, ರಾತ್ರಿ ಮರೆತರೆ ಮರುದಿನ ಹಗಲಿನಲ್ಲಿ ಎಣಿಸಿಕೊಳ್ಳಬಹುದು, ಅದೂ ಹೋದರೆ ಆಮೇಲೆ ಆಶೀರ್ವಚನ ಇಲ್ಲದೆ ಸುಮ್ನೆ ಎಣಿಸಬೇಕು. ಅದಕ್ಕೆ ಆ ವಾರಗಳಲ್ಲಿ ಫ್ರಿಜ್ ಮೇಲೆ ಚಾರ್ಟ್ ಅಂಟಿಸುತ್ತೇವೆ, ಮಕ್ಕಳು ನನಗಿಂತ ಮೊದಲು ಎಣಿಸುತ್ತಾರೆ.

ಓದಿನ ವಿಷಯಕ್ಕೆ ಬಂದರೆ, ಇಲ್ಲಿ ತುಂಬಾ ಜನ ದಫ್ ಯೋಮಿ ಮಾಡುತ್ತಾರೆ. ದಿನಕ್ಕೆ ನಮ್ಮ ಧರ್ಮಶಾಸ್ತ್ರದ ದೊಡ್ಡ ಗ್ರಂಥ ತಾಲ್ಮುದ್‌ನ ಒಂದು ಹಾಳೆ, ಒಟ್ಟು 2,711, ಸುಮಾರು ಏಳೂವರೆ ವರ್ಷ. 1923ರಲ್ಲಿ ರಬ್ಬಿ ಮೆಯಿರ್ ಶಪೀರೊ ಶುರುಮಾಡಿಸಿದ್ದು. ದೊಡ್ಡ ಕೆಲಸವೇ, ಆದರೆ ಶಿಫ್ಟ್‌ನವನಿಗೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ: ನಾಲ್ಕು ದಿನ ಬಿಟ್ಟರೆ ನಾಲ್ಕು ಹಾಳೆ ತಲೆ ಮೇಲೆ ಕೂರುತ್ತವೆ. ನಾನು ಬಸ್ಸಿನಲ್ಲಿ ಮಿಶ್ನಾ (ತಾಲ್ಮುದ್ ಚರ್ಚಿಸುವ ಹಳೆಯ ನಿಯಮ ಸಂಗ್ರಹ) ಓದುತ್ತೇನೆ, ಆದಷ್ಟು. ಸದ್ಯ ಹೊಲ ಕೊಯ್ಯುವಾಗ ಮೂಲೆಯ ಪೈರನ್ನು ಬಡವರಿಗೆ ಬಿಡಬೇಕು ಅನ್ನುವ ಭಾಗದಲ್ಲಿದ್ದೇನೆ. 2027ರ ಜೂನ್‌ನಲ್ಲಿ ದಫ್ ಯೋಮಿಯ ಹೊಸ ಸುತ್ತು ಶುರು, ಸೇರು ಅಂತ ಫೋರ್ಕ್‌ಲಿಫ್ಟ್‌ನವನು ಈಗಲೇ ಬೆನ್ನು ಹತ್ತಿದ್ದಾನೆ. ಇಲ್ಲಪ್ಪಾ, ಮೊದಲು ಇದು ಮುಗಿಯಲಿ ಅಂತ ಹೇಳಿದ್ದೇನೆ.