ನಡೆಯುತ್ತಿದ್ದ ವಾಟರ್ ಸರ್ವಿಸ್ ಕೊಳ್ಳುವ ಮುನ್ನ ನಾನು ಪರೀಕ್ಷಿಸಿದ ಸಂಗತಿಗಳು

ಹೊಸದಾಗಿ ಜಾಗ ಹಿಡಿದು, ಕೊಳವೆಬಾವಿ ಕೊರೆಸಿ, ಶೆಡ್ ಹಾಕಿಸಿ ವಾಹನ ತೊಳೆಯುವ ಕೇಂದ್ರವನ್ನು ಆರಂಭಿಸುವುದಕ್ಕಿಂತ ನಡೆಯುತ್ತಿರುವ ಒಂದನ್ನು ಕೊಳ್ಳುವುದೇ ಲೇಸೆಂದು ಲೆಕ್ಕ ಹಾಕಿ, ತುಮಕೂರಿನ ಶಿರಾ ಗೇಟ್ ಕಡೆ ಕಾರು ಎತ್ತುವ ಎರಡು ಲಿಫ್ಟ್‌ಗಳಿದ್ದ ವಾಟರ್ ಸರ್ವಿಸ್ ಒಂದನ್ನು ನಾನು ಕೊಂಡುಕೊಂಡೆ. ಅದಕ್ಕೆ ಮುನ್ನ ಟ್ಯಾಕ್ಸಿ ಕಾರುಗಳನ್ನು ನಡೆಸುತ್ತಿದ್ದುದರಿಂದ ಈ ಕಸುಬಿನ ಗಿರಾಕಿಯಾಗಿ ನನಗೆ ಸಾಕಷ್ಟು ಅನುಭವವಿತ್ತು. ಮಾಲೀಕನಾಗಿ ನೋಡುವುದು ಬೇರೆಯೇ ಕೆಲಸ. ಮಾರುವವರು ಯಂತ್ರಗಳನ್ನು ತೋರಿಸುತ್ತಾರೆ, ಕೊಳ್ಳುವವರೂ ಯಂತ್ರಗಳನ್ನೇ ನೋಡುತ್ತಾರೆ. ಆದರೆ ಪಂಪು, ಕಂಪ್ರೆಸರ್‌ಗಳು ಹಾಳಾದರೆ ಹಣ ಕೊಟ್ಟು ಮತ್ತೆ ತರಬಹುದು. ನೀರು, ಕೊಳಚೆ ಹರಿದುಹೋಗುವ ದಾರಿ ಮತ್ತು ಜಾಗದ ಕರಾರು, ಈ ಮೂರು ಕೆಟ್ಟರೆ ಹಣದಿಂದ ಸರಿಪಡಿಸುವುದು ಕಷ್ಟ. ನಾನು ಹೆಚ್ಚು ಸಮಯ ಕೊಟ್ಟಿದ್ದು ಇವಕ್ಕೇ.

ಮೊದಲು ವರಮಾನದ ಮಾತು. ಮಾರುವವರು ನನ್ನ ಕೈಗೆ ಒಂದು ದಪ್ಪ ನೋಟ್‌ಬುಕ್ ಕೊಟ್ಟರು. ದಿನಕ್ಕೆ ಸರಾಸರಿ 40 ಗಾಡಿ ಎಂಬ ಲೆಕ್ಕ ಅದರಲ್ಲಿತ್ತು. ಕೈಬರಹದ ಪುಸ್ತಕವನ್ನು ಯಾರು ಯಾವಾಗ ಬೇಕಾದರೂ ತುಂಬಿಸಬಹುದು, ವಿದ್ಯುತ್ ಮೀಟರನ್ನು ಹಾಗೆ ತುಂಬಿಸಲಾಗದು. ಅಲ್ಲಿದ್ದ ಪ್ರೆಷರ್ ಪಂಪಿನ ಮೋಟಾರು 7.5 ಎಚ್‌ಪಿಯದು, ಎಂದರೆ ಸುಮಾರು 5.6 ಕಿಲೋವ್ಯಾಟ್. ಒಂದು ಕಾರಿಗೆ ನೀರು ಚಿಮ್ಮಿಸುವ ಗನ್ ಹಿಡಿಯುವ ಅವಧಿ ಹತ್ತು ನಿಮಿಷವೆಂದು ಇಟ್ಟುಕೊಂಡರೆ ಹೆಚ್ಚುಕಡಿಮೆ ಒಂದು ಯೂನಿಟ್ ಖರ್ಚಾಗುತ್ತದೆ. ತಿಂಗಳಿಗೆ 1,200 ಕಾರು ತೊಳೆದಿದ್ದರೆ ಈ ಪಂಪು ಒಂದಕ್ಕೇ 1,100 ಯೂನಿಟ್ ಆಸುಪಾಸು ಬೇಕು. ಕೊಳವೆಬಾವಿಯ ಮೋಟಾರು, ಕಂಪ್ರೆಸರ್, ವ್ಯಾಕ್ಯೂಮ್ ಕ್ಲೀನರ್ ಇವುಗಳ ಖರ್ಚು ಬೇರೆ. ಒಂದು ವರ್ಷದ ಬೆಸ್ಕಾಂ ಬಿಲ್‌ಗಳನ್ನು ತರಿಸಿ ನೋಡಿದಾಗ ಎಲ್ಲ ಸೇರಿಯೂ ಬಹುತೇಕ ತಿಂಗಳು ಅಷ್ಟು ಬಳಕೆಯಾಗಿರಲಿಲ್ಲ. ಬಿಲ್ಲಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ದಿನಕ್ಕೆ ಇಪ್ಪತ್ತರ ಮೇಲೆ ಕೆಲವು ಕಾರು ಎಂಬುದೇ ನಿಜಕ್ಕೆ ಹತ್ತಿರವಾಗಿತ್ತು. ಶಾಂಪೂ ಕ್ಯಾನ್‌ಗಳ ಖರೀದಿ ರಸೀದಿ, ಕ್ಯೂಆರ್ ಕೋಡ್ ಮೂಲಕ ಬಂದ ಹಣದ ಬ್ಯಾಂಕ್ ವಿವರ, ಎದುರಿನ ಟೀ ಅಂಗಡಿಯಲ್ಲಿ ಕುಳಿತು ನಾನೇ ಮಾಡಿದ ಎಣಿಕೆ, ಎಲ್ಲವೂ ಅದೇ ಸಂಖ್ಯೆಯ ಸುತ್ತ ಸುಳಿದವು. ಮಾರುವವರು ಸುಳ್ಳು ಹೇಳಿದ್ದರೆಂದು ನಾನು ಹೇಳಲಾರೆ. ಅವರ ಪುಸ್ತಕದಲ್ಲಿ ಬೈಕೂ ಒಂದು ಗಾಡಿ, ಆಟೋವೂ ಒಂದು ಗಾಡಿ, ಇನ್ನೋವಾವೂ ಒಂದು ಗಾಡಿ.

ಬಿಲ್‌ಗಳನ್ನು ಪೂರ್ತಿ ವರ್ಷದ್ದೇ ಕೇಳಬೇಕೆನ್ನಲು ಇನ್ನೊಂದು ಕಾರಣವಿದೆ. ಆಯುಧಪೂಜೆಯ ಹಿಂದಿನ ದಿನ ನಮ್ಮ ಕಡೆ ಬೆಳಗಿನ ಜಾವದಿಂದಲೇ ಸಾಲು ನಿಲ್ಲುತ್ತದೆ, ಅಂದು ದರ ಏರಿಸಿದರೂ ಯಾರೂ ಚೌಕಾಸಿ ಮಾಡುವುದಿಲ್ಲ. ದಸರಾ ಬಿದ್ದ ತಿಂಗಳ ವಹಿವಾಟನ್ನು ತೋರಿಸಿ ಹನ್ನೆರಡರಿಂದ ಗುಣಿಸುವವರಿದ್ದಾರೆ. ಮಳೆಗಾಲದಲ್ಲಿ ನಗರದ ಕಾರುಗಳು ಕಡಿಮೆಯಾಗುತ್ತವೆ. ನಾಳೆ ಮತ್ತೆ ಕೆಸರಾಗುವುದನ್ನು ಇಂದು ಯಾಕೆ ತೊಳೆಸಬೇಕು ಎಂಬುದು ಗಿರಾಕಿಯ ತರ್ಕ. ಹಳ್ಳಿಯ ರಸ್ತೆಗಳಿಂದ ಬರುವ ಗೂಡ್ಸ್ ಗಾಡಿಗಳಿಗೆ ಅದೇ ಕಾಲದಲ್ಲಿ ಚಾಸಿ ವಾಶ್, ಎಂದರೆ ಅಡಿಭಾಗದ ತೊಳೆತ, ಬೇಕಾಗುವುದರಿಂದ ಆ ನಷ್ಟ ತಕ್ಕಮಟ್ಟಿಗೆ ತುಂಬುತ್ತದೆ. ಇದು ಕೇಂದ್ರ ಇರುವ ಜಾಗವನ್ನು ಅವಲಂಬಿಸಿದೆ.

ಇನ್ನು ನೀರು. ಹೈ ಪ್ರೆಷರ್ ಗನ್ ಬಳಸಿದರೂ ಚಾಸಿ ಸಮೇತ ಒಂದು ಕಾರು ತೊಳೆಯಲು ನಮ್ಮಲ್ಲಿ 150ರಿಂದ 200 ಲೀಟರ್ ಬೇಕಾಗುತ್ತದೆ. ಬೈಕುಗಳನ್ನೂ ಸೇರಿಸಿದರೆ ದಿನಕ್ಕೆ ಆರು ಏಳು ಸಾವಿರ ಲೀಟರ್ ಖಚಿತವಾಗಿ ಸಿಗಬೇಕು. ‘ಎರಡು ಇಂಚು ನೀರಿದೆ’ ಎಂದು ಮಾರುವವರು ಹೇಳಿದ್ದು (ಕೊಳವೆಬಾವಿಯ ಇಳುವರಿಯನ್ನು ಹೀಗೆ ಇಂಚಿನಲ್ಲಿ ಹೇಳುವುದು ರೂಢಿ) ಬಾವಿ ಕೊರೆಸಿದ ದಿನದ ಮಾತು. ನಾನು ವ್ಯಾಪಾರದ ಮಾತನ್ನು ಬೇಕೆಂದೇ ಏಪ್ರಿಲ್‌ವರೆಗೆ ಎಳೆದೆ. ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ 200 ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಇಡಿಸಿ ಮೋಟಾರು ಹಾಕಿಸಿದೆ. ಮೊದಲ ಡ್ರಮ್ಮು ಎರಡು ನಿಮಿಷದಲ್ಲಿ ತುಂಬಿತು, ಎಂದರೆ ಗಂಟೆಗೆ 6,000 ಲೀಟರ್. ಅಲ್ಲಿಗೇ ಖುಷಿಪಟ್ಟು ಎದ್ದು ಬರಬಾರದು. ಮೋಟಾರನ್ನು ನಿಲ್ಲಿಸದೆ ಓಡಿಸುತ್ತ ಮತ್ತೆ ಮತ್ತೆ ಅಳೆಯುತ್ತ ಹೋದಂತೆ ಎರಡನೆಯ ಗಂಟೆಯ ಹೊತ್ತಿಗೆ ಅದೇ ಡ್ರಮ್ಮಿಗೆ ನಾಲ್ಕು ನಿಮಿಷ ಬೇಕಾಯಿತು, ಪೈಪಿನಲ್ಲಿ ನೀರಿನ ಜೊತೆ ಗಾಳಿ ಸೀಳಿ ಬರುವ ಸದ್ದು ಕೇಳಿಸಿತು, ಸ್ಟಾರ್ಟರ್ ಬಾಕ್ಸಿನ ಆಂಪಿಯರ್ ಮುಳ್ಳು ತೂಗಾಡತೊಡಗಿತು. ಮೋಟಾರು ನಿಲ್ಲಿಸಿ ಬಾವಿಗೆ ಬಿಡುವು ಕೊಟ್ಟು ಮತ್ತೆ ಓಡಿಸಿದಾಗ ನೀರು ಚೇತರಿಸಿಕೊಂಡಿತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಎತ್ತಿ ಸಂಪಿನಲ್ಲಿ ಹಿಡಿದಿಟ್ಟುಕೊಂಡರೆ ಬೇಸಿಗೆ ದಾಟಬಹುದೆಂಬುದು ಹೀಗೆ ಸ್ಪಷ್ಟವಾಯಿತು. ಅದಕ್ಕೆ ತಕ್ಕ ಸಂಪು ಅಲ್ಲಿರಲಿಲ್ಲ. ಅದನ್ನು ಕಟ್ಟಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿದೆ.

ನಗರದ ಕುಡಿಯುವ ನೀರಿನ ನಲ್ಲಿಯನ್ನು ನಂಬಿ ನಡೆಯುವ ಕೇಂದ್ರವನ್ನು ನಾನಾದರೆ ಕೊಳ್ಳುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶ ಹೊರಡಿಸಿದ್ದು ಎಲ್ಲರಿಗೂ ನೆನಪಿರಬಹುದು. ಬರ ಬಂದ ವರ್ಷ ಮೊದಲು ಕಣ್ಣು ಬೀಳುವುದು ನಮ್ಮ ಮೇಲೆಯೇ.

ನೀರಿನ ಗಡಸುತನವನ್ನೂ ಪರೀಕ್ಷೆ ಮಾಡಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕೆಂದೂ ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆಂದೂ ಇದೆ. ನಮ್ಮ ಬಯಲುಸೀಮೆಯ ಆಳದ ಕೊಳವೆಬಾವಿಗಳಲ್ಲಿ ಅದು ಮೇಲಿನ ಮಿತಿಯ ಹತ್ತಿರವೇ ಇರುವುದುಂಟು. ಇಂಥ ನೀರು ಕಪ್ಪು ಕಾರಿನ ಮೇಲೆ ಬಿಸಿಲಿಗೆ ಒಣಗಿದರೆ ಬಿಳಿಯ ಚುಕ್ಕೆಗಳು ಉಳಿಯುತ್ತವೆ, ಗಿರಾಕಿ ಅದನ್ನು ನಮ್ಮ ಕೆಲಸದ ಕೊಳಕೆಂದೇ ಭಾವಿಸುತ್ತಾನೆ. ಶೆಡ್ಡಿನ ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ಮೆದು ನೀರು ಸಿಗುತ್ತದೆ. ಅದನ್ನು ಬೇರೆ ತೊಟ್ಟಿಯಲ್ಲಿ ಹಿಡಿದು ಕೊನೆಯಲ್ಲಿ ಗಾಡಿ ಜಾಲಿಸಲು ಬಳಸುವ ಏರ್ಪಾಡನ್ನು ನಾನು ಆಮೇಲೆ ಮಾಡಿಕೊಂಡೆ.

ಬಂದ ನೀರು ಹೋಗಲೂ ದಾರಿ ಬೇಕು. ಚರಂಡಿಯ ಮೇಲಿನ ಕಲ್ಲುಚಪ್ಪಡಿಯನ್ನು ಎತ್ತಿಸಿಯೇ ನೋಡಬೇಕು. ಮೊದಲ ಗುಂಡಿಯಲ್ಲಿ ಮಣ್ಣು ತಂಗಬೇಕು, ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲಿ ನಿಲ್ಲಬೇಕು, ಮೂರನೆಯದರಿಂದ ತಿಳಿಯಾದದ್ದು ಮಾತ್ರ ಹೊರಹೋಗಬೇಕು. ನಾನು ಮೊದಲು ನೋಡಿ ಕೈಬಿಟ್ಟ ಒಂದು ಕೇಂದ್ರದಲ್ಲಿ ಮೂರೂ ಗುಂಡಿಗಳಲ್ಲಿ ಒಂದೇ ಬಣ್ಣದ ಕಪ್ಪು ಕೆಸರು ತುಂಬಿತ್ತು; ಹೊರಹೋದ ನೀರು ಹಿಂದಿನ ಖಾಲಿ ನಿವೇಶನದಲ್ಲಿ ಬಣ್ಣಬಣ್ಣದ ಪೊರೆಯಾಗಿ ನಿಂತಿತ್ತು. ಆ ನಿವೇಶನದ ಮಾಲೀಕ ಮನೆ ಕಟ್ಟಲು ಬಂದ ದಿನ ಈ ಕೇಂದ್ರದ ಕಥೆ ಮುಗಿಯುತ್ತದೆ. ಕಾನೂನಿನ ಪ್ರಕಾರ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 20 ಮಿಲಿಗ್ರಾಂ, ಕೆರೆಕಟ್ಟೆಗಳಿಗೆ ಸೇರುವ ನೀರಿನಲ್ಲಿ 10 ಮಿಲಿಗ್ರಾಂ ಮೀರಬಾರದು. 1974ರ ಜಲಮಾಲಿನ್ಯ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ ಯಾರ ಹೆಸರಿನಲ್ಲಿದೆ, ಯಾವ ವರ್ಷದವರೆಗೆ ಇದೆ ಎಂಬುದನ್ನೂ, ಪಾಲಿಕೆಯ ಉದ್ದಿಮೆ ಪರವಾನಗಿ ಆ ವರ್ಷ ನವೀಕರಣವಾಗಿದೆಯೇ ಎಂಬುದನ್ನೂ ಮೂಲಪತ್ರ ನೋಡಿಯೇ ತಿಳಿಯಬೇಕು. ‘ಎಲ್ಲ ಇದೆ, ಫೈಲಿನಲ್ಲಿದೆ’ ಎಂಬ ಮಾತಿಗೆ ಬೆಲೆಯಿಲ್ಲ.

ಯಂತ್ರಗಳನ್ನು ಪರೀಕ್ಷಿಸಲು ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದಿದ್ದೆ. ಅವರು ಎರಡೂ ಲಿಫ್ಟುಗಳ ಮೇಲೆ ಸರದಿಯಂತೆ ನನ್ನ ಇನ್ನೋವಾವನ್ನೇ ಏರಿಸಿ, ಉಕ್ಕಿನ ಕಂಬದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ‘ಈಗ ಒಂದು ಟೀ ಕುಡಿದು ಬರೋಣ ಬನ್ನಿ ಸಾರ್’ ಎಂದರು. ಅರ್ಧರ್ಧ ಗಂಟೆ ಬಿಟ್ಟು ನೋಡಿದಾಗ ಒಂದು ಲಿಫ್ಟ್ ಇದ್ದಲ್ಲೇ ಇತ್ತು, ಇನ್ನೊಂದರ ಗೆರೆ ಬೆರಳಷ್ಟು ಕೆಳಗಿಳಿದಿತ್ತು. ಒಳಗಿನ ಸೀಲು ಸವೆದಿರುವ ಲಕ್ಷಣ ಅದು; ಕೆಳಗೆ ಹುಡುಗರು ನಿಂತು ಚಾಸಿ ತೊಳೆಯುವ ಜಾಗದಲ್ಲಿ ಅದನ್ನು ಸಣ್ಣ ದೋಷವೆಂದು ಬಿಡಲಾಗದು. ಆಮೇಲೆ ಕಂಪ್ರೆಸರ್ ಟ್ಯಾಂಕಿನ ತಳದ ಕೊಳಾಯಿಯನ್ನು ಬಿಚ್ಚಿದರು. ಕೆಂಪು ತುಕ್ಕಿನ ನೀರು ಬಹಳ ಹೊತ್ತು ಸುರಿದರೆ ಅದನ್ನು ದಿನವೂ ಖಾಲಿ ಮಾಡುತ್ತಿರಲಿಲ್ಲವೆಂದೂ, ಟ್ಯಾಂಕಿನ ಒಳಗೋಡೆ ತೆಳುವಾಗಿರಬಹುದೆಂದೂ ಅರ್ಥ. ಅಂಥ ಟ್ಯಾಂಕು ಒತ್ತಡಕ್ಕೆ ಸಿಡಿಯಬಲ್ಲದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಮಾಡುವ ಜಾಗವಾದ್ದರಿಂದ ಅರ್ಥಿಂಗ್ ಸರಿಯಿದೆಯೇ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರಿನ ಬ್ರೇಕರ್ ಇದೆಯೇ ಎಂದು ನೋಡದೆ ಯಾರೂ ಮುಂಗಡ ಕೊಡಬಾರದು.

ಜಾಗ ಬಾಡಿಗೆಯದಾದರೆ ನಾವು ಕೊಳ್ಳುವುದು ಕರಾರಿನಲ್ಲಿ ಉಳಿದಿರುವ ಅವಧಿಯನ್ನು ಮಾತ್ರ. ಮಾರುವವರ ಕರಾರು ಹನ್ನೊಂದು ತಿಂಗಳಿನದು, ಪ್ರತಿ ವರ್ಷ ಮಾತಿನ ಮೇಲೆ ಮುಂದುವರಿಯುತ್ತಿತ್ತು. ಆದ್ದರಿಂದ ಮಾರುವವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಜಾಗದ ಮಾಲೀಕರನ್ನು ಕಂಡು, ಹಲವು ವರ್ಷದ ಕರಾರನ್ನು ನನ್ನ ಹೆಸರಿಗೆ ಬರೆಸಿಕೊಂಡು ನೋಂದಾಯಿಸಿದೆ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ಬಾಡಿಗೆ ಏರಿಕೆಯ ಪ್ರಮಾಣ ಮಾತ್ರವಲ್ಲದೆ ಕೊಳವೆಬಾವಿಯ ಬಳಕೆಯ ಹಕ್ಕು, ಹೊಸದಾಗಿ ಕಟ್ಟುವ ಸಂಪಿನ ಒಡೆತನ ಇವೂ ಅದರಲ್ಲಿ ಬರಬೇಕು. ಜಾಗ ವಾಣಿಜ್ಯ ಬಳಕೆಗೆ ಪರಿವರ್ತನೆಯಾಗಿದೆಯೇ, ಋಣಭಾರ ಪತ್ರದಲ್ಲಿ ಅಡಮಾನವಿದೆಯೇ ಎಂದು ವಕೀಲರ ಮೂಲಕ ನೋಡಿಸಿದೆ. ಹೆದ್ದಾರಿಯ ಸರ್ವಿಸ್ ರಸ್ತೆಯ ಪಕ್ಕದ ಕೇಂದ್ರವಾದರೆ ಕಾರು ನಿಲ್ಲಿಸುವ ಮುಂಭಾಗ ಮಾಲೀಕರದ್ದೋ ಹೆದ್ದಾರಿಯದ್ದೋ ಎಂಬುದನ್ನು ಸರ್ವೆ ನಕ್ಷೆಯಲ್ಲಿ ಅಳೆಸಿ ನೋಡುವುದು ಒಳ್ಳೆಯದು.

ವಿದ್ಯುತ್ತಿನ ವಿಷಯದಲ್ಲಿ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಹಿಡಿದು ಬಾಕಿಯನ್ನು ಪರಿಶೀಲಿಸಬೇಕು. ಹಿಂದಿನವರ ಬಾಕಿಯನ್ನು ಅದೇ ಕಟ್ಟಡಕ್ಕೆ ಬಂದ ಹೊಸಬರಿಂದ ಕೇಳುವ ನಿಯಮವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿದಿದೆ. ಮಂಜೂರಾದ ಹೊರೆಗಿಂತ ಹೆಚ್ಚಿನ ಮೋಟಾರುಗಳನ್ನು ಜೋಡಿಸಿದ್ದರೆ ಅದರ ದಂಡವೂ ಬರುತ್ತದೆ. ಜಿಎಸ್‌ಟಿಯಲ್ಲಿಯೂ ಇಂಥದೇ ಒಂದು ಅಂಶವಿದೆ: ವ್ಯವಹಾರವನ್ನು ಇಡಿಯಾಗಿ ಕೊಂಡವರು ಕೊಳ್ಳುವ ದಿನದವರೆಗಿನ ತೆರಿಗೆ ಬಾಕಿಗೆ ಮಾರಿದವರೊಂದಿಗೆ ಜಂಟಿಯಾಗಿ ಹೊಣೆಗಾರರೆಂದು ಆ ಕಾಯ್ದೆಯ 85ನೆಯ ಕಲಮು ಹೇಳುತ್ತದೆ. ನಡೆಯುತ್ತಿರುವ ವ್ಯವಹಾರವನ್ನು ಹಾಗೆಯೇ ಇಡಿಯಾಗಿ ವರ್ಗಾಯಿಸಿದರೆ ಆ ವರ್ಗಾವಣೆಗೆ ಜಿಎಸ್‌ಟಿ ವಿನಾಯಿತಿ ಇದೆ, ಯಂತ್ರಗಳನ್ನು ಬಿಡಿಯಾಗಿ ಮಾರಿದಂತೆ ಬರೆದರೆ ಇಲ್ಲ. ಕರಾರಿನ ಪದಗಳನ್ನು ಲೆಕ್ಕಪರಿಶೋಧಕರಿಗೆ ತೋರಿಸಿಯೇ ಅಂತಿಮಗೊಳಿಸಿದೆ.

ಕೆಲಸದ ಹುಡುಗರ ಬಗ್ಗೆ ಮಾರುವವರು ಹೇಳದೇ ಬಿಡುವ ಮಾತೊಂದಿದೆ: ಅವರಿಗೆ ಕೊಟ್ಟಿರುವ ಅಡ್ವಾನ್ಸ್. ಹಳೆಯ ಮಾಲೀಕರು ಕೊಟ್ಟ ಮುಂಗಡ ತೀರದಿದ್ದರೆ ಹುಡುಗರು ಅವರ ಹಿಂದೆಯೇ ಹೋಗಬಹುದು, ಇಲ್ಲವೇ ಆ ಹಣವನ್ನು ನಮ್ಮ ತಲೆಗೆ ಕಟ್ಟಬಹುದು. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಮಾತನಾಡಿದ ಮೇಲೆ ಯಾರು ಉಳಿಯುತ್ತಾರೆಂದು ಗೊತ್ತಾಯಿತು. ಟ್ರಾವೆಲ್ಸ್‌ನವರ ತಿಂಗಳ ಲೆಕ್ಕದ ಸಾಲವನ್ನು ಮಾರುವವರೇ ವಸೂಲು ಮಾಡಿಕೊಳ್ಳಲಿ ಎಂದು ಬಿಟ್ಟೆ.

ಬೆಲೆ ಕಟ್ಟುವಾಗ ಮಾರುವವರು ತಿಂಗಳಿಗೆ 60,000 ರೂಪಾಯಿ ಉಳಿಯುತ್ತದೆಂದರು. ಅವರೂ ಅವರ ತಮ್ಮನೂ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ದುಡಿಯುತ್ತಿದ್ದರು. ಆ ಇಬ್ಬರ ಸಂಬಳವನ್ನು ಕಳೆದರೆ ಉಳಿಯುವುದು ಅದರ ಅರ್ಧಕ್ಕೂ ಕಡಿಮೆ. ಯಂತ್ರಗಳ ಸೆಕೆಂಡ್‌ಹ್ಯಾಂಡ್ ಬೆಲೆಗೆ ಆ ನಿಜವಾದ ಉಳಿತಾಯದ ಒಂದು ವರ್ಷದ ಮೊತ್ತವನ್ನು, ಕೇಂದ್ರದ ಹೆಸರಿಗೂ ಕಾಯಂ ಗಿರಾಕಿಗಳಿಗೂ ಕೊಡುವ ಬೆಲೆ, ಅಂದರೆ ಗುಡ್‌ವಿಲ್ ಎಂದು ಸೇರಿಸಿ, ಸಂಪು ಮತ್ತು ಲಿಫ್ಟಿನ ಸೀಲಿನ ಖರ್ಚನ್ನು ಕಳೆದು ಹೇಳಿದೆ. ಒಂದಷ್ಟು ಎಳೆದಾಟದ ನಂತರ ಅದಕ್ಕಿಂತ ಸ್ವಲ್ಪ ಮೇಲೆ ವ್ಯಾಪಾರ ಕುದುರಿತು. ಮೊತ್ತದ ಒಂದು ಭಾಗವನ್ನು, ಹಳೆಯ ಬಾಕಿಗಳು ಹೊರಬಂದರೆ ಹೊಂದಿಸಿಕೊಳ್ಳಲು, ಆರು ತಿಂಗಳ ನಂತರ ಕೊಡುವುದೆಂದು ಬರೆಸಿದೆ. ಅದೇ ರಸ್ತೆಯಲ್ಲಿ ಅವರು ಮತ್ತೊಂದು ವಾಟರ್ ಸರ್ವಿಸ್ ತೆರೆಯಬಾರದೆಂಬ ಷರತ್ತನ್ನೂ ಸೇರಿಸಿದೆ. ವ್ಯಾಪಾರ ಮಾಡದಂತೆ ತಡೆಯುವ ಕರಾರುಗಳು ಸಾಮಾನ್ಯವಾಗಿ ಊರ್ಜಿತವಲ್ಲವಾದರೂ, ಗುಡ್‌ವಿಲ್ ಮಾರಿದವರ ಮೇಲೆ ಗೊತ್ತುಪಡಿಸಿದ ಪ್ರದೇಶಕ್ಕೆ ಸೀಮಿತವಾದ ನ್ಯಾಯಯುತ ನಿರ್ಬಂಧವನ್ನು ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮು ಒಪ್ಪುತ್ತದೆ; ಅದಕ್ಕಾಗಿ ಗುಡ್‌ವಿಲ್ ಮೊತ್ತವನ್ನು ಕರಾರಿನಲ್ಲಿ ಪ್ರತ್ಯೇಕವಾಗಿ ನಮೂದಿಸುವುದು ಒಳ್ಳೆಯದು.

ಕರಾರಿನ ಪಟ್ಟಿಗೆ ಕೊನೆಯಲ್ಲಿ ಸೇರಿದ್ದು ಬೋರ್ಡಿನ ಮೇಲಿನ ಮೊಬೈಲ್ ನಂಬರ್. ಭಾನುವಾರ ಬರಲು ಶನಿವಾರವೇ ಫೋನ್ ಮಾಡುವ ಗಿರಾಕಿಗಳೆಲ್ಲ ಆ ನಂಬರನ್ನೇ ಇಟ್ಟುಕೊಂಡಿರುತ್ತಾರೆ. ಮಾರುವವರು ಅದು ತಮ್ಮ ಸ್ವಂತದ್ದೆಂದು ಮೊದಲು ಒಪ್ಪಲಿಲ್ಲ. ಆ ಸಿಮ್ ನನ್ನ ಹೆಸರಿಗೆ ಬದಲಾದ ದಿನವೇ ಎರಡನೆಯ ಕಂತನ್ನು ಕೊಟ್ಟೆ.