ಫೋನಿಗೆ ಡ್ಯಾಕ್ ತಗೊಂಡ್ರಾ, ಮೊದಲನೇ ವಾರ ಕಿವಿನ ನಂಬ್ಬೇಡಿ

ನಾನು ದಿನಾ ತುಮಕೂರಿಂದ ಯಶವಂತಪುರಕ್ಕೆ ಟ್ರೈನಲ್ಲಿ ಓಡಾಡೋನು, ಹೊಸ ಫೋನಲ್ಲಿ ಇಯರ್‌ಫೋನ್ ತೂತೇ ಇಲ್ಲ, ಬ್ಲೂಟೂತ್ ಬಡ್ಸ್ ಬೆಳಿಗ್ಗೆ ಜೋರಾಗಿರುತ್ತೆ, ಸಂಜೆ ವಾಪಸ್ ಬರೋವಾಗ ಸೋಲದೇವನಹಳ್ಳಿ ದಾಟೋ ಹೊತ್ತಿಗೆ ಒಂದು ಕಿವಿ ಸತ್ತಿರುತ್ತೆ. ಹಳೇ ವೈರಿನ ಇಯರ್‌ಫೋನ್ ಇನ್ನೂ ಗಟ್ಟಿಮುಟ್ಟಾಗಿದೆ, ಬಿಸಾಕಕ್ಕೆ ಮನಸಿಲ್ಲ. ಅದಕ್ಕೇ ಒಂದು ಡಾಂಗಲ್ ಡ್ಯಾಕ್ ತಗೊಂಡೆ, ಅಂದ್ರೆ ಫೋನಿನ ಸಿ ಪೋರ್ಟಿಗೆ ವೈರಿನ ಇಯರ್‌ಫೋನ್ ಹಾಕಿ ಕೇಳೋ ಹಾಗೆ ಮಾಡೋ ಸಾಧನ. ಬೆರಳುದ್ದ ವೈರು, ಒಂದು ಕಡೆ ಟೈಪ್ ಸಿ, ಇನ್ನೊಂದು ಕಡೆ 3.5 ಎಂಎಂ ತೂತು, ಮಧ್ಯೆ ಹುಣಸೆಬೀಜದಷ್ಟು ಡಬ್ಬಿ, ಅಷ್ಟೇ.

ತಗೊಳೋಕ್ ಮುಂಚೆ ಒಂದು ವಿಷ್ಯ. ಎಂ.ಜಿ. ರೋಡಲ್ಲಿ ಮೊದಲು 120 ರೂಪಾಯಿಗೆ ಒಂದು ಕನ್ವರ್ಟರ್ ತಂದಿದ್ದೆ, ಅಂಗಡಿಯವ್ರು "ಎಲ್ಲಾ ಫೋನಿಗೂ ಆಗುತ್ತೆ ಸಾರ್" ಅಂದ್ರು, ಮನೆಗೆ ಬಂದು ಹಾಕಿದ್ರೆ ಫೋನು ಕ್ಯಾರೇ ಅನ್ಲಿಲ್ಲ. ಯಾಕಂದ್ರೆ ಅದರೊಳಗೆ ಚಿಪ್ಪೇ ಇಲ್ಲ, ಬರೀ ತಂತಿ. ಫೋನೇ ಒಳಗಡೆ ಹಾಡನ್ನ ಕರೆಂಟ್ ಮಾಡಿ ಸಿ ಪೋರ್ಟಿಂದ ಆಚೆ ಕಳಿಸಿದ್ರೆ ಮಾತ್ರ ಆ ತಂತಿ ಕೆಲಸ ಮಾಡುತ್ತೆ, ನನ್ ಫೋನು ಹಾಗೆ ಕಳಿಸಲ್ಲ, ಬರೀ ಡಿಜಿಟಲ್ ಲೆಕ್ಕ ಕೊಡುತ್ತೆ. ಆ ಲೆಕ್ಕನ ಕರೆಂಟ್ ಮಾಡೋದೇ ಡ್ಯಾಕ್, ಅದನ್ನ ಇಯರ್‌ಫೋನ್ ಅಲ್ಲಾಡೋಷ್ಟು ಎತ್ತೋದು ಪಕ್ಕದಲ್ಲಿರೋ ಆಂಪ್. ಜಾಕ್ ಇದ್ದ ಕಾಲದಲ್ಲಿ ಇವೆರಡೂ ಫೋನಿನ ಹೊಟ್ಟೇಲೇ ಇರ್ತಿತ್ತು, 2016ರಲ್ಲಿ ಐಫೋನ್ 7 ಜಾಕ್ ಕಿತ್ತಾಕ್ತು, ಆಮೇಲೆ ಉಳಿದವರೂ ಅದೇ ದಾರಿ ಹಿಡಿದ್ರು. ಅಂಗಡೀಲಿ ಕೇಳೋವಾಗ "ಕನ್ವರ್ಟರ್" ಅನ್ಬೇಡಿ, "ಒಳಗೆ ಡ್ಯಾಕ್ ಚಿಪ್ ಇದ್ಯಾ" ಅನ್ನಿ, ಆಗದಿದ್ರೆ ಅಲ್ಲೇ ನಿಮ್ ಫೋನಿಗೆ ಹಾಕಿ ಒಂದು ಹಾಡು ಕೇಳ್ಕೊಂಡು ದುಡ್ಡು ಕೊಡಿ.

ಈಗ ಹಾಕೋದು. ಇಯರ್‌ಫೋನ್ ಕಿವಿಗೆ ಇಟ್ಕೊಂಡು ಡಾಂಗಲ್ ಚುಚ್ಚಬೇಡಿ ಪುಣ್ಯಾತ್ಮರೆ. ಕೆಲವು ಫೋನು ಹೊಸ ಸಾಧನ ಕಂಡ ತಕ್ಷಣ ವಾಲ್ಯೂಮ್ ಎಲ್ಲಿಗೋ ಏರಿಸಿ ಕೂತಿರುತ್ತೆ. ಮೊದಲು ಚುಚ್ಚಿ, ವಾಲ್ಯೂಮ್ ಸೊನ್ನೆಗೆ ಇಳಿಸಿ, ಆಮೇಲೆ ಕಿವಿ. ಸೌಂಡೇ ಬರ್ಲಿಲ್ವಾ, ಸೆಟ್ಟಿಂಗ್ಸಲ್ಲಿ ಓಟಿಜಿ (ಫೋನಿನ ಪೋರ್ಟಿಗೆ ಬೇರೆ ಸಾಧನ ಹಾಕಕ್ಕೆ ಬಿಡೋ ಸ್ವಿಚ್ಚು) ಅಂತ ಹುಡುಕಿ ಆನ್ ಮಾಡಿ, ಕೆಲವು ಫೋನಲ್ಲಿ 10 ನಿಮಿಷ ಸುಮ್ನಿದ್ರೆ ಅದು ತಾನಾಗೇ ಆಫ್ ಆಗುತ್ತೆ, ನಾನು ಎರಡು ದಿನ ಡಾಂಗಲ್ ಕೆಟ್ಟೋಯ್ತು ಅಂತ ತಲೆ ಕೆಡಿಸ್ಕೊಂಡಿದ್ದೆ. ಸೌಂಡ್ ಬರುತ್ತೆ ಆದ್ರೆ ಸಣ್ಣಗೆ ಅಂದ್ರೆ ಅದು ಬೇರೆ ಕಥೆ, ಡಾಂಗಲ್ಲಿಗೂ ಒಳಗೆ ತನ್ನದೇ ವಾಲ್ಯೂಮ್ ಇರುತ್ತೆ, ಫೋನು ಅದನ್ನ ಪೂರ್ತಿ ಏರಿಸದೆ ಬಿಟ್ಟಿರುತ್ತೆ. ಆಪಲ್‌ನ ಚಿಕ್ಕ ಅಡಾಪ್ಟರ್ ಆಂಡ್ರಾಯ್ಡಿಗೆ ಹಾಕಿದೋರು ಎಷ್ಟೋ ಜನ ಇದನ್ನ ನೋಡಿರ್ತಾರೆ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಥರದ ಆಪ್ ನೇರವಾಗಿ ಡಾಂಗಲ್ ಜೊತೆ ಮಾತಾಡುತ್ತೆ, ಅದರಲ್ಲಿ ಸರಿಹೋಗುತ್ತೆ, ಆದ್ರೆ ಆ ಆಪಲ್ಲಿ ಹಾಕಿದ ಹಾಡಿಗೆ ಮಾತ್ರ, ಯೂಟ್ಯೂಬಿಗಲ್ಲ.

ಇನ್ನು ಅಸಲಿ ವಿಷ್ಯ. ಮೊದಲನೇ ಸಲ ಹಾಕ್ದಾಗ ನಂಗೆ "ಅಬ್ಬಬ್ಬಾ ಏನ್ ಕ್ಲಿಯರ್ರು" ಅನ್ಸಿತ್ತು, ಮನೇವ್ರಿಗೆಲ್ಲಾ ಹೇಳ್ದೆ. ಆಮೇಲೆ ಗೊತ್ತಾಗಿದ್ದು, ಡಾಂಗಲ್ ಹಳೇ ಫೋನಿಗಿಂತ ಸ್ವಲ್ಪ ಜೋರಾಗಿತ್ತು ಅಷ್ಟೇ. ಜೋರಾಗಿರೋದೆಲ್ಲಾ ಕಿವಿಗೆ ಚೆನ್ನಾಗೇ ಕೇಳ್ಸೋದು, ಸಂತೆಯಲ್ಲಿ ಕೂಗೋನ ಟೊಮೆಟೊನೇ ಕೆಂಪಗೆ ಕಾಣೋ ಹಾಗೆ. ಹಾಗಾಗಿ ಎರಡರ ಸೌಂಡೂ ಸಮ ಮಾಡ್ಕೊಳಿ: ಒಂದೇ ಇಯರ್‌ಫೋನು, ಒಂದೇ ಫೈಲು, ಆ ಕಡೆ ಈ ಕಡೆ ಬದಲಾಯಿಸ್ತಾ ಎರಡೂ ಒಂದೇ ಮಟ್ಟ ಅನ್ನೋ ತನಕ ವಾಲ್ಯೂಮ್ ತಿದ್ದಿ. ಆಮೇಲೆ ಯಾರಿಗಾದ್ರೂ ಹೇಳಿ ನಿಮಗೆ ಕಾಣದ ಹಾಗೆ ವೈರ್ ಬದಲಾಯಿಸ್ಲಿ. ಭಾನುವಾರ ರಾತ್ರಿ ಟೆರೇಸ್ ಮೇಲೆ ಬಾಮೈದನ್ನ ಕೂರಿಸ್ಕೊಂಡು ಮಾಡ್ದೆ, ಜಾಕ್ ಇರೋ ಹಳೇ ಫೋನು ಒಂದು ಕಡೆ, ಡಾಂಗಲ್ ಇನ್ನೊಂದು ಕಡೆ, 10 ಸಲಕ್ಕೆ 6 ಸಲ ಸರಿ ಹೇಳ್ದೆ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. ಬಾಮೈದ ಇನ್ನೂ ನಗ್ತಾ ಇದಾನೆ.

ಹಾಗಂತ ದುಡ್ಡು ದಂಡ ಅಲ್ಲ. ಹಾಡು ನಿಲ್ಲಿಸಿ ಬರೀ ಮೌನ ಕೇಳಿ, ಹಳೇ ಫೋನಲ್ಲಿ ಸ್ಸ್ ಅಂತ ಸಣ್ಣ ಸದ್ದಿತ್ತು, ಇದರಲ್ಲಿ ಇಲ್ಲ. ವೀಣೆ ತಂತಿ ಮೀಟಿದ್ಮೇಲೆ ಆ ನಾದ ಕರಗ್ತಾ ಹೋಗುತ್ತಲ್ಲ, ಅದರ ಬಾಲ ಕೊನೇವರೆಗೂ ಸಿಗುತ್ತೆ, ಹಿಂದೆ ತಂಬೂರಿನೂ. ನಿಮ್ದರಲ್ಲಿ ಹೈ ಗೇನ್, ಲೋ ಗೇನ್ ಅಂತ (ಆಂಪ್ ಸೌಂಡನ್ನ ಎಷ್ಟು ಎತ್ತಬೇಕು ಅನ್ನೋ ಸೆಟ್ಟಿಂಗು) ಇದ್ರೆ ಕಿವಿಯೊಳಗೆ ಹೋಗೋ ಇಯರ್‌ಫೋನಿಗೆ ಲೋ ಸಾಕು. ಇಯರ್‌ಫೋನ್ ಡಬ್ಬಿ ಮೇಲೆ ಓಮ್ ಅಂತ ಬರೆದಿರುತ್ತೆ, ಅದು ಕರೆಂಟಿಗೆ ಅದು ಒಡ್ಡೋ ತಡೆ; 16, 32 ಓಮ್ ಇರೋದಕ್ಕೆ ಚಿಕ್ಕ ಡಾಂಗಲ್ಲೇ ಹೆಚ್ಚು, ಸೆನ್‌ಹೈಸರ್ ಎಚ್‌ಡಿ 600 ಥರ 300 ಓಮ್ ಹೆಡ್‌ಫೋನ್ ಇದ್ರೆ ಮಾತ್ರ ದೊಡ್ಡ ಡಾಂಗಲ್ ಕಡೆ ನೋಡಿ.

384 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ಸೌಂಡಿನ ಲೆಕ್ಕ ಬರುತ್ತೆ ಅನ್ನೋದು) ಅಂತ ಡಬ್ಬಿ ಮೇಲೆ ಬರೆದಿರೋದಕ್ಕೆ ಮರುಳಾಗ್ಬೇಡಿ. ಸಿಡಿ ಇರೋದೇ 44.1, ಆಂಡ್ರಾಯ್ಡ್ ಸಾಮಾನ್ಯವಾಗಿ ಅದನ್ನೂ 48 ಮಾಡಿ ಕಳಿಸುತ್ತೆ, ನನ್ ಕಿವಿಗಂತೂ ವ್ಯತ್ಯಾಸ ಗೊತ್ತಾಗಿಲ್ಲ.

ಟ್ರೈನಲ್ಲಿ ಕೇಳೋರಿಗೆ ಇನ್ನೊಂದೆರಡು. ನಿಡವಂದ ಹತ್ರ ನೆಟ್‌ವರ್ಕ್ ಹೋಗಿ ಬಂದು ಮಾಡೋವಾಗ ಕಿವೀಲಿ ಟಿಕ್ ಟಿಕ್ ಟಿರ್ರ್ ಅಂತಿತ್ತು, ಡಾಂಗಲ್ ಫೋನಿನ ಬೆನ್ನಿಗೇ ಅಂಟ್ಕೊಂಡಿದ್ರೆ ಸಿಗ್ನಲ್ ಅದರೊಳಗೆ ನುಗ್ಗುತ್ತೆ, ಸ್ವಲ್ಪ ದೂರ ಇಡಿ ಅಥವಾ ಹಾಡು ಡೌನ್‌ಲೋಡ್ ಮಾಡ್ಕೊಂಡು ಏರೋಪ್ಲೇನ್ ಮೋಡ್ ಹಾಕಿ. ಕರೆಂಟ್ ಎಳೆಯೋದು ಫೋನಿಂದಾನೇ, ಹಾಡು ನಿಲ್ಲಿಸಿದ್ರೂ ಸ್ವಲ್ಪ ಎಳೀತಾನೇ ಇರುತ್ತೆ, ಕೇಳ್ದೇ ಇದ್ದಾಗ ಕಿತ್ತಿಡಿ. ಬೆಚ್ಚಗಾದ್ರೆ ಹೆದರ್ಬೇಡಿ, ಕೈ ಸುಡೋ ಹಾಗಾದ್ರೆ ಮಾತ್ರ ವಾಪಸ್ ಕೊಡಿ. ಮೈಕ್ ಕೆಲಸ ಮಾಡುತ್ತಾ ಅಂತ ಮೊದಲ ದಿನಾನೇ ಒಂದು ಕಾಲ್ ಮಾಡಿ ನೋಡ್ಕೊಳಿ, ಎಲ್ಲಾ ಡಾಂಗಲ್ಲಲ್ಲೂ ಇರಲ್ಲ. ಜೇಬಿಗೆ ಹಾಕೋವಾಗ ಫೋನ್ ತಲೆಕೆಳಗಾಗಿ, ಪೋರ್ಟ್ ಮೇಲಿರೋ ಹಾಗೆ ಹಾಕಿ, ಇಲ್ಲಾಂದ್ರೆ ಸೀಟಲ್ಲಿ ಕೂತಾಗ ಬುಡದಲ್ಲಿ ವೈರ್ ಮಡಚ್ಕೊಳುತ್ತೆ, ನನ್ನದು ಮೂರನೇ ವಾರಕ್ಕೇ ಅಲ್ಲಿ ಬೆಳ್ಳಗಾಗಿದೆ.